ಎಲೆಯೊಳಗೆ ಕೈ ಹಾಕುವ ಮೊದಲು

ಮಾಳಿಗೆಯ ಕೋಣೆಯ ಬೀಗದ ಕೈಯನ್ನು ಆಯಿ ಯಾಕೆ ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಾಳೆ ಎಂದು ನೀವಿಬ್ಬರೂ ಕೇಳುತ್ತಲೇ ಇರುತ್ತೀರಿ. ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದಿನ ಮಾತು ದೂರ ಉಳಿಯಿತು, ಮೊಮ್ಮಕ್ಕಳ ಮುಂದೆ ಕೂಡ ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ನನ್ನ ತವರೂರು ಡಾಬಕಾದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೇಳುತ್ತಿದ್ದರು. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಆ ಕೋಣೆಯಲ್ಲಿದ್ದವರ ಬಗ್ಗೆ, ಅವರು ನಮ್ಮ ಪಾಲಿಗೆ ಬಿಟ್ಟುಹೋದ ಜೀವದ ಬಗ್ಗೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಎಲ್ಲಿಯೂ ಹಾಕಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಕರೆಯುವ ಹಾಗೆ, ಓಣಿಯವರೆಲ್ಲ ಬಾಯಿಯವರು ಎನ್ನುತ್ತಿದ್ದೆವು. ಊರು ಭಾಲ್ಕಿ. ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಬೀದರಿಗೆ ಬಂದು, ಚಿದ್ರಿಯ ನಮ್ಮ ಮನೆಯ ಮಾಳಿಗೆಯ ಕೋಣೆ ಬಾಡಿಗೆಗೆ ಹಿಡಿದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, “ಔರಾದ ಬಸ್ಸಿನ್ಯಾಗೇ ವರ ಸಿಗ್ತಾನೇನೋ ಅಂತ ಇಷ್ಟ ವರ್ಷ ಓಡಾಡಿದೆರಿ. ಬರೇ ಕಂಡಕ್ಟರ್ ಸಿಕ್ಕ, ಅವನೂ ಚಿಲ್ಲರ ಕೊಡಲಿಲ್ಲ” ಎನ್ನುತ್ತಿದ್ದರು.

ಅವರ ಬೆರಳಿಗೆ ಯಾವಾಗಲೂ ಮಣ್ಣು. ಚಷ್ಮಾ ಜಾರಿದರೆ ಬೆರಳಿನಿಂದ ಸರಿಸದೆ ಮಣಿಕಟ್ಟಿನಿಂದ ಮೇಲೆ ತಳ್ಳುತ್ತಿದ್ದರು. ಆದರೂ ಹುಬ್ಬಿನ ಮೇಲೊಂದು ಮಣ್ಣಿನ ಗೆರೆ ಇದ್ದೇ ಇರುತ್ತಿತ್ತು. ದೂರದಿಂದ ನೋಡಿದವರು ವಿಭೂತಿ ಎಂದುಕೊಂಡು ಶರಣು ಹೇಳಿ ಹೋಗುತ್ತಿದ್ದರು.

ಅವರು ಬಂದ ದಿನ ಟೆಂಪೋದಿಂದ ಇಳಿದದ್ದು ನಾಲ್ಕು ಭಾಂಡೆ, ಎರಡು ಚೀಲ ಪುಸ್ತಕ, ಒಂದು ಸಣ್ಣ ಫ್ರಿಜ್ಜು, ಕಂಬಳಿ ಹೊದಿಸಿದ ಒಂದು ದೊಡ್ಡ ಗಾಜಿನ ಪೆಟ್ಟಿಗೆ. ಮೀನು ಸಾಕುತ್ತಾರೇನೋ ಎಂದುಕೊಂಡೆ. ಕೇಳಲಿಲ್ಲ. ನಾನು ಬಾಗಿಲ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಹೊಸಬರು ಬಂದರೆ ನನ್ನ ಜಾಗ ಅದೇ.

ಎಂಟು ದಿನ ಕಳೆದಿರಬಹುದು, ಕೆಳಗಿಳಿದು ಬಂದು ಮೆಟ್ಟಿಲ ಪಕ್ಕದ ನನ್ನ ಕುಂಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

“ವೈನಿ, ಈ ಮನಿಪ್ಲಾಂಟಿಗಿ ಎಣ್ಣಿ ಹೊಡದೀರೇನ್ರಿ?”

ನಮ್ಮ ಕಡೆ ತೊಗರಿಗೆ ಹುಳದ ಔಷಧ ಹೊಡೆಯುವುದಕ್ಕೆ ಹಾಗೆನ್ನುತ್ತಾರೆ. ಬರೀ ನೀರು ಹಾಕಿದ್ದೇನೆ ಎಂದು ಪರದೆಯ ಹಿಂದಿನಿಂದಲೇ ಹೇಳಿದೆ.

“ಹಂಗಂದ್ರ ಒಂದು ತುಂಡು ಕೊಡ್ರಿ. ಮುಳ್ಳಿಂದು ಬ್ಯಾಡ, ಮುರದ್ರ ಹಾಲು ಬರೂವಂಥದ್ದೂ ಬ್ಯಾಡ. ಇದು ಬರಾಬ್ಬರಿ ಅದ.”

ಕೊಟ್ಟೆ. ಅವರು ಒಂದೊಂದೇ ಎಲೆಯನ್ನು ಎರಡೂ ಬದಿ ತೊಳೆದರು. ಒಂದು ತಿಂಗಳು ಬಾಟಲಿಯಲ್ಲಿಟ್ಟು ಬೇರು ಬರಿಸಿದರು. ಆಮೇಲೆ ಒಡೆದ ಇಟ್ಟಂಗಿ ಕೇಳಿದರು, ಹಳೆಯ ಸೊಳ್ಳೆಪರದೆಯ ತುಂಡು ಕೇಳಿದರು, ಮಾವಿನ ಒಣ ಎಲೆ ಕೇಳಿದರು. ಇಟ್ಟಂಗಿ ತಳಕ್ಕೆ, ಅದರ ಮೇಲೆ ಪರದೆ, ಮೇಲೆ ತೆಂಗಿನ ನಾರು ಬೆರೆಸಿದ ಮಣ್ಣು, ಎಲ್ಲದರ ಮೇಲೆ ಒಣ ಎಲೆ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ವಿವರಿಸಿದರು. ಗಾಜಿನ ಪೆಟ್ಟಿಗೆಯೊಳಗೆ ತೋಟ ಮಾಡುವ ಹುಚ್ಚು ಎಂದುಕೊಂಡು ನಾನೂ ಖುಷಿಯಿಂದಲೇ ಕೊಡುತ್ತ ಬಂದೆ.

ಬೇಸಿಗೆಯಲ್ಲಿ ಸಂಡಿಗೆ ಹಾಕಲು ಮಾಳಿಗೆಗೆ ಹೋಗಿದ್ದೆ. ಬಾಯಿಯವರು ಬಜಾರಕ್ಕೆ ಹೋಗಿದ್ದರು. ಕಿಟಕಿಯಿಂದ ಪೆಟ್ಟಿಗೆ ಕಾಣುತ್ತಿತ್ತು. ನಾನು ಕೊಟ್ಟ ಬಳ್ಳಿ ಗಾಜಿನ ತುಂಬ ಹಬ್ಬಿ ನನ್ನ ಅಂಗೈಯಷ್ಟು ಅಗಲದ ಎಲೆ ಬಿಟ್ಟಿತ್ತು. ನನ್ನ ಕುಂಡದಲ್ಲಿ ಅದು ಎಂದೂ ಹಾಗೆ ಬೆಳೆದಿರಲಿಲ್ಲ. ನೋಡುತ್ತ ನಿಂತೆ. ಗಾಳಿ ಇರಲಿಲ್ಲ, ಗಾಜಿನೊಳಗೆ ಗಾಳಿ ಎಲ್ಲಿಂದ ಬರಬೇಕು? ಆದರೂ ಒಂದು ಎಲೆ ಅಲುಗಿತು. ಅದರ ಪಕ್ಕದ್ದೂ ಅಲುಗಿತು. ಆಮೇಲೆ ಎಲೆಯ ದೇಟಿನ ಹಿಂದೆ, ದೇಟಿಗಿಂತ ದಪ್ಪನೆಯದೊಂದು ನಿಧಾನಕ್ಕೆ ಸರಿದುಹೋಯಿತು. ಕಂದು ಬಣ್ಣ, ಕಪ್ಪು ಪಟ್ಟೆ.

ಸಂಡಿಗೆ ಹಿಟ್ಟಿನ ಭಾಂಡೆ ಅಲ್ಲೇ ಬಿಟ್ಟು ಇಳಿದುಬಂದೆ. ಕಾಗೆಗಳು ಅದನ್ನು ಮುಗಿಸಿದವು.

ನನ್ನ ಅಣ್ಣನ ಸುದ್ದಿ ನಿಮಗೆ ಹೇಳಿಲ್ಲ. ಡಾಬಕಾದಲ್ಲಿ, ಹೊಲದ ಬದುವಿನ ಹುಲ್ಲಿಗೆ ಕೈ ಹಾಕಿದ್ದ. ಎತ್ತುಗಳಿಗೆ ಹಸಿರು ಕೊಯ್ಯಲು ಹೋದವನು. ನಾನು ಬುಟ್ಟಿ ಹಿಡಿದು ಹಿಂದೆಯೇ ನಿಂತಿದ್ದೆ. ಅವನು ಕೈ ಹೊರಗೆ ತೆಗೆದು, “ಏನೋ ಚುಚ್ಚಿತು ನೋಡು” ಎಂದು ನನಗೇ ತೋರಿಸಿದ. ಔರಾದಿನ ದವಾಖಾನೆಯ ಬಾಗಿಲು ಮುಟ್ಟುವ ಮೊದಲೇ ಹೋದ. ಅಂದಿನಿಂದ ನಮ್ಮವ್ವ ಕೋಲಿನಿಂದ ಬಡಿಯದೆ ಒಂದು ಕಡ್ಡಿ ಹಸಿರಿಗೂ ನನ್ನನ್ನು ಕೈ ಹಾಕಗೊಡಲಿಲ್ಲ. ಕೊತ್ತಂಬರಿ ಸಿವುಡನ್ನು ಕೂಡ ನಾನು ಮೊದಲು ಜಾಡಿಸಿ ಆಮೇಲೆ ಬಿಚ್ಚುತ್ತೇನೆ. ನಿಮ್ಮವ್ವ ಅದಕ್ಕೆ ನಗುತ್ತಾಳೆ.

ಈಗ ನನ್ನ ತಲೆಯ ಮೇಲಿನ ಛತ್ತಿನ ಆಚೆ ಬದಿಗೇ ಅದು ಇತ್ತು. ನೀವಿಬ್ಬರೂ ಸಣ್ಣವರು, ಒಬ್ಬಳು ಮೆಟ್ಟಿಲು ಹತ್ತಲು ಕಲಿತಿದ್ದಳು, ಇನ್ನೊಬ್ಬ ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಿದ್ದ. ನೆಲದ ಮೇಲೆ ಬಿದ್ದ ಹಗ್ಗ, ನಿಮ್ಮವ್ವನ ಜಡೆ, ಕುಕ್ಕರಿನ ಸೀಟಿ, ಎಲ್ಲಕ್ಕೂ ಬೆಚ್ಚುತ್ತಿದ್ದೆ. ಬಾಯಿಯವರಿಗೆ ಮನೆ ಬಿಡಲು ಹೇಳು ಎಂದು ನಿಮ್ಮಪ್ಪನಿಗೆ ಹೇಳಿದರೆ ಅವನು ಔರಾದಿನ ಬ್ಯಾಂಕಿಗೆ ಹೊರಟು ನಿಂತವನು, “ಮನಿ ನಿಂದು, ನೀನೇ ಹೇಳವ್ವ” ಎಂದು ಗಾಡಿ ಚಾಲೂ ಮಾಡಿದ. ನನಗೆ ಹೇಳಲಾಗಲಿಲ್ಲ. ಅದರ ಬದಲು ಬೆಳ್ಳುಳ್ಳಿ ಜಜ್ಜಿ, ಇಂಗಿನ ನೀರಿನಲ್ಲಿ ಕಲಸಿ, ದಿನಾ ಸಂಜೆ ಮೆಟ್ಟಿಲಿಗೆ ಚಿಮುಕಿಸತೊಡಗಿದೆ. ಆ ವಾಸನೆಗೆ ಹಾವು ಇಳಿಯುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು.

ಬಾಯಿಯವರು ಮೂಗು ಏರಿಸುತ್ತ ಇಳಿದುಬಂದರು. “ಯಾಕ್ರಿ ವೈನಿ, ಮೆಟ್ಟಲಿಗಿ ಒಗ್ಗರಣಿ ಹಾಕೀರಿ? ಮ್ಯಾಲಿನ ತನಕ ಹಸಿವಿ ಆಗಲಕತ್ತದ.”

ಅವರು ನನ್ನ ಮುಖ ನೋಡಿ ಚಷ್ಮಾ ಮೇಲೆ ತಳ್ಳಿದರು. “ನೋಡೀರಿ ಅಂದಂಗಾಯ್ತು. ಬರ್ರಿ ಮ್ಯಾಲ. ನೀವು ಬಾಗಲದಾಗೇ ನಿಂದರ್ರಿ, ಒಳಗ ಬರಬ್ಯಾಡ್ರಿ.”

ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತಲುಪುವಾಗ ಒಂದು ಅಕ್ಷರ ಉಳಿದಿರಲಿಲ್ಲ. “ಅದು ಏನು ತಿಂತದ್ರಿ?” ಎಂದಷ್ಟೇ ಹೊರಟಿತು.

“ಇಲಿ. ಆ ಫ್ರಿಜ್ಜಿನ್ಯಾಗ ಅದಾವ.”

“ಬಾಯಿ, ಲಿಂಗ ಕಟ್ಟಿದ ಮನಿರಿ ಇದು!”

“ನಾನೂ ಕಟ್ಟೇನಿ, ನಾ ತಿನ್ನಂಗಿಲ್ಲ. ಅದಕ್ಕ ಇನ್ನೂ ಯಾರೂ ಕಟ್ಟಿಲ್ರಿ.”

ನಗಬಾರದೆಂದರೂ ನಗು ಬಂತು. ಆಗ ಅವರು ಆ ಹಾವಿನ ಕತೆ ಹೇಳಿದರು. ಆಫ್ರಿಕಾ ಕಡೆಯ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲ, ಸರಕಾರದಲ್ಲಿ ಹೆಸರು ಹಚ್ಚಿದ್ದಾರೆ. ಹೈದರಾಬಾದಿನಲ್ಲಿರುವ ಅವರ ತಮ್ಮನ ಮಗ ಶೋಕಿಗೆ ಸಾಕಿದ್ದನಂತೆ. ಮದುವೆ ಗೊತ್ತಾದಾಗ, ಒಂದೋ ಅದು ಇರಬೇಕು, ಇಲ್ಲ ನಾನು ಎಂದಳಂತೆ ಹುಡುಗಿ. ಅವನು ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬರೀ ಪೇಪರಿನ ಮೇಲೆ ಇಟ್ಟಿದ್ದ. ಅಡಗಲು ಮರೆ ಇಲ್ಲ, ಹೊರಗಿನ ಕಣ್ಣೆಲ್ಲ ಅದರ ಮೇಲೆ. ತಿನ್ನುವುದು ಬಿಟ್ಟು, ಹೊರಬೀಳುವ ದಾರಿಗಾಗಿ ಗೋಡೆಗೆ ಮೂತಿ ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡಿತ್ತು. ಬಾಯಿಯವರು ತಂದು ಗಿಡದ ನಡುವೆ ಬಿಟ್ಟ ಮೇಲೆ ಗಾಯ ಮಾಯಿತು, ಊಟ ಹಿಡಿಯಿತು.

“ಅದರ ಹೊಲಸು ಬುಡದಾಗಿನ ಸಣ್ಣ ಹುಳ ತಿಂತಾವ, ಹುಳದ್ದು ಗಿಡಕ್ಕ ಗೊಬ್ಬರ, ಗಿಡದ ಎಲಿ ಅದಕ್ಕ ಅಡಗಲಕ ಜಾಗ. ಎಲ್ಲರಿಗಿಂತ ಹೆದರಪುಕ್ಕ ಇದೇ ನೋಡ್ರಿ ವೈನಿ. ಅಂಜಿದ್ರ ಚೆಂಡಿನಂಗ ಸುತ್ತಿಕೊಂಡು ತಲಿ ನಟ್ಟನಡು ಬಚ್ಚಿಡ್ತದ. ನೀವು ಪರದೇದ ಹಿಂದ ನಿಂತು ಮಾತಾಡ್ತೀರಿ, ಅದು ಎಲಿ ಹಿಂದ ಕುಂದರ್ತದ. ಇಬ್ಬರಿಗೂ ಹೊರಗ ಎಳಿಯೋದು ನನಗ ಬ್ಯಾಡ.”

ಹಾಗೆಂದು ಮುಚ್ಚಳ ಸರಿಸಿ, ಎಲೆಯೊಳಗೆ ಕೈ ಇಳಿಸುವ ಮೊದಲು, “ಬಂದೆನ್ರಿ” ಎಂದರು. ದೊಡ್ಡವರ ಮನೆಯ ಹೊಸ್ತಿಲಲ್ಲಿ ಹೇಳುವ ಹಾಗೆ. ಹಾವಿಗೆ ಕಿವಿ ಇದೆಯೇ ಎಂದೆ.

“ಅದಕ್ಕ ಕೇಳಸಂಗಿಲ್ಲ. ನನ್ನ ಕೈಗಿ ಕೇಳಸ್ತದ. ಕೇಳಿದ ಮ್ಯಾಲ ಕೈ ಗಡಬಡ ಮಾಡಂಗಿಲ್ಲ.”

ಮನೆ ಬಿಡಿ ಎನ್ನುವ ಮಾತು ಹಾಗೆಯೇ ಉಳಿಯಿತು. ಭಯವೂ ಹಾಗೆಯೇ ಉಳಿಯಿತು. ಬೆಳ್ಳುಳ್ಳಿಯನ್ನೂ ನಿಲ್ಲಿಸಲಿಲ್ಲ.

ಎರಡನೆಯ ಮಳೆಗಾಲಕ್ಕೆ ಬಾಯಿಯವರಿಗೆ ಉಬ್ಬಸ ಹೆಚ್ಚಾಯಿತು, ಕಾಲು ಬಾತುಕೊಂಡವು. ಭಾಲ್ಕಿಯಿಂದ ತಮ್ಮ ಬಂದು, ನಮ್ಮಲ್ಲೇ ಇದ್ದು ತೋರಿಸಿಕೊಳ್ಳಲಿ ಎಂದು ಕರೆದುಕೊಂಡು ಹೊರಟ. ಆಟೋ ಬಾಗಿಲಲ್ಲಿ ನಿಂತಿತ್ತು. ಬಾಯಿಯವರು ನನ್ನ ಅಂಗೈಯಲ್ಲಿ ಬೀಗದ ಕೈ ಇಟ್ಟು ಬೆರಳು ಮಡಚಿದರು.

“ಊಟ ಮಾಡಿಸೇನಿ, ಸದ್ಯಕ್ಕ ಏನೂ ಬೇಡಂಗಿಲ್ಲ. ಮುಂಜಾನಿ ಜಾಳಿಗಿ ಮ್ಯಾಲಿಂದ ಎಲಿಗಿ ಜರಾ ನೀರು ಹೊಡೀರಿ. ಮುಚ್ಚಳ ತೆರಿಯೋದು ಬ್ಯಾಡ. ನಾ ಬರೂತನಕ ಜೀವಂತ ಇಡ್ರಿ ವೈನಿ, ಅಷ್ಟ ಸಾಕು.”

ಆಗಲಿ ಎಂದೆ. ಇಲ್ಲ ಎನ್ನಲು ನನಗೆಲ್ಲಿ ಬರುತ್ತದೆ? ದಿನಾ ಮುಂಜಾನೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಪಂಪಿನ ಬಾಟಲಿಯನ್ನು ತೋಳಿನುದ್ದಕ್ಕೂ ಮುಂದೆ ಚಾಚಿ, ಮೇಲಿನ ಜಾಳಿಗೆಯಿಂದ ನೀರು ಹೊಡೆದು ಓಡಿಬರುತ್ತಿದ್ದೆ. ಹಾವು ಕಾಣುತ್ತಿರಲಿಲ್ಲ. ಕಾಣದಿದ್ದರೇ ಹೆಚ್ಚು ಹೆದರಿಕೆ.

ಪಂಚಮಿಯ ದಿನ ಉಂಡಿ ಕಟ್ಟಿಕೊಂಡು ಬಾಯಿಯವರನ್ನು ನೋಡಲು ಭಾಲ್ಕಿಗೆ ಹೋದೆ. ಒಳ್ಳೆಯ ಸೀರೆ ಉಟ್ಟಿದ್ದರಿಂದ ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ಹಾಕಿ ಹೋಗಿದ್ದೆ. ಬಾಯಿಯವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬೆರಳಿಗೆ ಮಣ್ಣಿರಲಿಲ್ಲ. ಅವರು ನನ್ನ ಆರೋಗ್ಯ, ನಿಮ್ಮ ಆರೋಗ್ಯ ಎಲ್ಲ ಬಿಟ್ಟು, “ಹೊಸ ಎಲಿ ಬಿಟ್ಟದೇನ್ರಿ?” ಎಂದು ಕೇಳಿದರು.

ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದೆ. ಮೆಟ್ಟಿಲ ಮೇಲೆಲ್ಲ ಹಸಿ ಹೆಜ್ಜೆಗಳಿದ್ದವು. ಮೇಲಿನ ಹೊಸ್ತಿಲಿಗೆ ಅರಿಸಿನ, ಕುಂಕುಮ. ನಿಮ್ಮವ್ವ ನಿಮ್ಮಿಬ್ಬರನ್ನೂ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದಳು.

“ಸಿಟ್ಟಾಗಬ್ಯಾಡ್ರಿ ಅತ್ತಿ. ಎದುರಮನಿ ದೊಡ್ಡವ್ವ ಓಣಿ ಹೆಣ್ಮಕ್ಕಳಿಗೆಲ್ಲ ಕರಕೊಂಡು ಬಂದ್ರು. ಜೀವಂತ ನಾಗಪ್ಪ ಮನ್ಯಾಗ ಕುಂತಾನ, ಕಲ್ಲಿಗಿ ಹಾಲೆರಿಲಕ ಅಷ್ಟು ದೂರ ಯಾಕ ಹೋಗಬೇಕು ಅಂದ್ರು. ಹಿರೇರಿಗಿ ಹ್ಯಾಂಗ ಇಲ್ಲ ಅನ್ನಲಿ?”

ಅವಳ ತಪ್ಪಲ್ಲ. ದೊಡ್ಡವ್ವನದೂ ಅಲ್ಲ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲೆರೆಯುವುದು ನಮ್ಮ ಕಡೆಯ ರೂಢಿ. ಬೆಲ್ಲ ಹಾಕಿದ ಹಾಲು. ನಾನೂ ಪ್ರತಿ ವರ್ಷ ಕಲ್ಲಿನ ನಾಗಪ್ಪನಿಗೆ ಅಣ್ಣನ ಪಾಲು ಎರೆಯುತ್ತೇನೆ; ಅವನನ್ನು ಕಚ್ಚಿ ತಿಂದವನಿಗೇ ಯಾಕೆ ಎರೆಯುತ್ತೀ ಎಂದು ಯಾರೂ ಕೇಳಿಲ್ಲ.

ಬಾಗಿಲಲ್ಲಿ ನಿಂತು ನೋಡಿದೆ. ಗಾಜಿನ ಮೇಲೆ ಬಿಳಿ ಧಾರೆಗಳು. ಮನಿಪ್ಲಾಂಟಿನ ಎಲೆಗಳೆಲ್ಲ ಅಂಟಾಗಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಜೋಳದ ಅಳ್ಳು, ಹೂವು, ಕೊಬ್ಬರಿ. ತಳದ ಇಟ್ಟಂಗಿಯ ನಡುವೆ ಹಾಲು ನಿಂತಿತ್ತು. ಹೂವು ಒಳಗೆ ಹಾಕಲು ಯಾರೋ ಮುಚ್ಚಳ ಸರಿಸಿದ್ದರು; ನನ್ನ ತೋಳು ಹೋಗುವಷ್ಟು ಸಂದು. ಕಿಟಕಿಯಿಂದ ಗೋಡೆಗುಂಟ ಕೆಂಪಿರುವೆಯ ಸಾಲು ಆ ಸಂದಿನವರೆಗೆ ಬಂದು ಒಳಗೆ ಇಳಿದಿತ್ತು. ಹಾವು ಕಾಣಲಿಲ್ಲ.

ದೊಡ್ಡವ್ವ ಕೆಳಗಿನಿಂದ ಕೂಗಿದರು. “ಏನಾಯ್ತವಾ? ಹೊರಗ ಬಿತ್ತೇನು? ಕೋಲು ತರಲೇನು?”

ಇಣುಕಿ ನೋಡಿದೆ. ಅವರು ಆಗಲೇ ಕೋಲು ಹಿಡಿದಿದ್ದರು. ಬೆರಳಿನ ಅರಿಸಿನ ಇನ್ನೂ ಆರಿರಲಿಲ್ಲ. ನಿಮ್ಮವ್ವ ನಿಮ್ಮನ್ನು ಎತ್ತಿಕೊಂಡು ಬೀದಿಗೆ ಓಡಿದಳು.

ಬಾಯಿಯವರಿಗೆ ಫೋನ್ ಹಚ್ಚಿದೆ. ಹೇಗೋ ತೊದಲಿ ಎಲ್ಲ ಹೇಳಿದೆ.

“ಎಲ್ಲಿ ನಿಂತೀರಿ?”

“ಬಾಗಲದಾಗ.”

“ಒಳಗ ಹೋಗ್ರಿ ವೈನಿ.” ಉಸಿರು ಎಳೆದು ಎಳೆದು ಮಾತಾಡುತ್ತಿದ್ದರು. “ಇಷ್ಟು ಗದ್ದಲದಾಗ ಅದು ಹೊರಗ ಬಂದಿರಂಗಿಲ್ಲ. ಅಂಜಿ ಬುಡಕ್ಕ ಇಳದಿರ್ತದ. ಎಲಿ ಒಳಗ ಕೈ ಹಾಕ್ರಿ.”

“ನನ್ನ ಕೈಲಿ ಆಗಂಗಿಲ್ರಿ. ಕೋಲು ತೊಗೊಂಡು ಜರಾ...”

“ಕೋಲು ಬ್ಯಾಡ್ರಿ, ಕೈ ಮುಗೀತೇನಿ. ಇರುವಿ ಮೊದಲ ಕಣ್ಣಿಗಿ ಹತ್ತತಾವ. ಅದಕ್ಕ ರೆಪ್ಪಿ ಇಲ್ಲ, ಕಣ್ಣು ಮುಚ್ಚಿಕೊಳ್ಳಲಕ ಬರಂಗಿಲ್ರಿ.”

ಫೋನನ್ನು ನೆಲದ ಮೇಲಿಟ್ಟೆ. ಪೆಟ್ಟಿಗೆಯ ಮುಂದೆ ಕೂತೆ. ಡಾಬಕಾದ ಬದು ಕಣ್ಣ ಮುಂದೆ ಬಂತು. ಬುಟ್ಟಿ ಹಿಡಿದು ಹಿಂದೆ ನಿಂತ ಹುಡುಗಿ, ಹುಲ್ಲಿನೊಳಗೆ ಮೊಣಕೈವರೆಗೆ ಹೋದ ಅಣ್ಣನ ಕೈ. ನನ್ನ ಕೈ ಗಾಜಿನ ಅಂಚಿಗೆ ಬಡಿದು ಕಟಕಟ ಸದ್ದು ಮಾಡುತ್ತಿತ್ತು. ಹಾಗೆ ನಡುಗುವ ಕೈ ಒಳಗೆ ಹೋದರೆ ಅದು ಕಚ್ಚದೆ ಬಿಡುತ್ತದೆಯೇ?

“ಬಂದೆನ್ರಿ” ಎಂದೆ. ದನಿ ಹೊರಡಲಿಲ್ಲ. ಇನ್ನೊಮ್ಮೆ ಎಂದೆ.

ಎಲೆಗಳು ಬೆರಳಿಗೆ ಅಂಟಿದವು. ಇರುವೆಗಳು ಮಣಿಕಟ್ಟಿಗೆ ಹತ್ತಿ ಕಚ್ಚತೊಡಗಿದವು. ದೇಟು, ಬೇರು, ಒಣ ಎಲೆ, ಒದ್ದೆ ಮಣ್ಣು. ಎಲ್ಲವೂ ಅದೇ ಎನಿಸುತ್ತಿತ್ತು; ಪ್ರತಿ ಸಲ ಕೈ ಹಿಂದೆಳೆದುಕೊಳ್ಳುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಕೊನೆಗೆ ಮೂಲೆಯಲ್ಲಿ, ಬಳ್ಳಿಯ ಬುಡದ ಹಿಂದೆ, ಮಣ್ಣಲ್ಲದ್ದು ಸಿಕ್ಕಿತು. ನುಣ್ಣಗೆ, ದುಂಡಗೆ, ತೆಂಗಿನಕಾಯಿಯಷ್ಟು. ಅದರೊಳಗಿಂದ ಉಸಿರು ಏರಿ ಇಳಿಯುವುದು ಅಂಗೈಗೆ ತಿಳಿಯುತ್ತಿತ್ತು. ತಲೆ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಲಿಲ್ಲ. ಬಾಯಿಯವರು ಹೇಳಿದ್ದ ಹಾಗೆ, ಅದು ತಲೆಯನ್ನು ತನ್ನೊಳಗೇ ಬಚ್ಚಿಟ್ಟಿತ್ತು.

ಎರಡೂ ಕೈಯಿಂದ ಎತ್ತಿ ದಿಂಬಿನ ಗವಸಣಿಕೆಯ ಮೇಲಿಟ್ಟೆ. ಒದ್ದೆ ಅರಿವೆಯಿಂದ ಇರುವೆಗಳನ್ನು ಒಂದೊಂದಾಗಿ ಒರೆಸಿದೆ. ಅದು ಬಿಚ್ಚಿಕೊಳ್ಳಲೇ ಇಲ್ಲ. ಕಣ್ಣು ಅದರ ಒಳಗೇ ಭದ್ರವಾಗಿದ್ದವು.

ನೆಲದ ಮೇಲಿನ ಫೋನಿನಲ್ಲಿ ಬಾಯಿಯವರು ಇನ್ನೂ ಇದ್ದರು.

“ಸಿಕ್ತೇನ್ರಿ?”

“ಸಿಕ್ತುರಿ. ಜೀವ ಅದ.”

“ಕೈ ನಡಗಲಕತ್ತದೇನು?”

“ಇನ್ನೂ ನಡಗಲಕತ್ತದ್ರಿ.”

“ಹ್ಞಾಂ. ನಡಗಲಿ ಬಿಡ್ರಿ. ನಡಗಕೋತೇ ಹಾಕೀರಿ.”

ಮುಂದಿನ ದಿನಗಳಲ್ಲಿ ಅವರು ಫೋನಿನಲ್ಲಿ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಹುಳಿ ಹಿಡಿದ ಮಣ್ಣೆಲ್ಲ ಹೊರಗೆ ಹಾಕಿ, ಗಾಜು ತೊಳೆದು, ಹೊಸ ಇಟ್ಟಂಗಿ, ಪರದೆ, ಮಣ್ಣು. ಕೊಳೆತ ಬಳ್ಳಿಯ ಜಾಗಕ್ಕೆ ನನ್ನ ಕುಂಡದ ಬಳ್ಳಿಯನ್ನೇ ಬೇರು ಸಮೇತ ಕಿತ್ತು ನೆಟ್ಟೆ. ದೊಡ್ಡವ್ವ ಬಾಗಿಲಲ್ಲಿ ನಿಂತು ಮಾವಿನ ಒಣ ಎಲೆ ಚೀಲ ಒಳಗೆ ತಳ್ಳಿದರು. ಒಳಗೆ ಮಾತ್ರ ಕಾಲಿಡಲಿಲ್ಲ. ಹೊಸ ಎಲೆ ಬಿಟ್ಟ ಮೇಲೆ ಹೇಳಬೇಕೆಂದು ಕಾಯುತ್ತಿದ್ದೆ. ಅದು ಚಿಗುರಿನ ಸುರುಳಿಯಲ್ಲಿ ಇರುವಾಗಲೇ ಭಾಲ್ಕಿಯಿಂದ ಸುದ್ದಿ ಬಂತು.

ಮಣ್ಣಿಗೆಂದು ಭಾಲ್ಕಿಗೆ ಹೋದೆ. ತುಂಬಿದ ಅಂಗಳ, ಗುರುತಿಲ್ಲದ ಮಂದಿ. ಬಾಗಿಲಾಚೆಯೇ ನಿಂತಿದ್ದೆ. ಆಮೇಲೆ ಬಾಯೊಳಗೇ “ಬಂದೆನ್ರಿ” ಎಂದುಕೊಂಡು ಎಲ್ಲರ ನಡುವೆ ಹಾದುಹೋಗಿ ಅವರ ಹತ್ತಿರ ಕೂತೆ. ಯಾರೋ ಅವರ ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿದ್ದರು.

ತಮ್ಮನ ಮಗ ಮರುವಾರ ಚಿದ್ರಿಗೆ ಬಂದ. ಒಳ್ಳೆಯ ಹುಡುಗ. ಹೈದರಾಬಾದಿನಲ್ಲಿ ಒಬ್ಬರು ತೆಗೆದುಕೊಳ್ಳುತ್ತಾರೆ, ಅವರ ಹತ್ತಿರ ಇಂಥವು ಬಹಳ ಇವೆ ಎಂದ. “ಡಬ್ಬಿದಾಗ ಇಡ್ತಾರ್ರಿ ಆಯಿ. ಪೇಪರ್ ಹಾಕಿ. ಸಾಫ್ ಮಾಡಲಕ ಸಸಾರ. ಈ ಗಿಡ ಎಲ್ಲ ಕಿತ್ತು ಒಗೀತೇನಿ, ಪೆಟ್ಟಿಗಿ ನೀವೇ ಇಟ್ಕೋರಿ.”

ನಾನು ಪರದೆಯ ಹಿಂದಿದ್ದೆ.

“ಗಿಡ ಇಲ್ಲದ ಕಡಿ ಕೊಡಬ್ಯಾಡಪ್ಪ” ಎಂದೆ.

“ಮತ್ತ ಯಾರು ಇಟ್ಕೋಬೇಕ್ರಿ?”

“ಇಲ್ಲೇ ಇರಲಿ.”

ನಿಮ್ಮಪ್ಪ ಕೂತಲ್ಲಿಂದ ಎದ್ದು ನಿಂತ. ಹೇಳಿದವಳು ನಾನೇ ಎಂದು ನಂಬಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಾಗದಪತ್ರದ ಕೆಲಸವನ್ನೆಲ್ಲ ಅವರಿಬ್ಬರೂ ಸೇರಿ ಮುಗಿಸಿದರು. ಇಲಿಯ ಕೆಲಸ ನಿಮ್ಮಪ್ಪನದು. ನಾನು ಆಗ ಬಾಗಿಲಾಚೆ ತಿರುಗಿ ನಿಲ್ಲುತ್ತೇನೆ.

ಮಕ್ಕಳೇ, ಈ ಜಾತಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದಂತೆ. ಅದನ್ನು ಕೇಳಿದ ದಿನದಿಂದ ನನಗೆ ಹೊಸ ಭಯ ಹತ್ತಿದೆ. ನಾನು ಅಷ್ಟು ದಿನ ಇರುವುದಿಲ್ಲ. ಬೀಗದ ಕೈ ಒಂದು ದಿನ ನಿಮ್ಮ ಕೈಗೆ ಬರುತ್ತದೆ. ಪಂಚಮಿಗೆ ಯಾರು ಕೇಳಿದರೂ ಕೊಡಬೇಡಿ. ಕಲ್ಲಿಗೆ ಎರೆಯೋಣ ನಡೆಯಿರಿ ಎಂದು ನೀವೇ ಅವರ ಜೊತೆ ಹೋಗಿ, ಅಲ್ಲಿ ನನ್ನ ಅಣ್ಣನ ಪಾಲೂ ಎರೆಯಿರಿ. ಎಣ್ಣೆ ಹೊಡೆದ ಗಿಡ ಒಳಗೆ ತರಬೇಡಿ. ಬುಡದಲ್ಲಿ ನೀರು ನಿಲ್ಲಗೊಡಬೇಡಿ. ಎಲೆ ದಟ್ಟವಾಗಿರಲಿ, ಅದು ನಿಮಗೆ ಕಾಣದಿದ್ದರೂ ಪರವಾಗಿಲ್ಲ.

ಕೈ ಹಾಕುವಾಗ ಹೆದರಿಕೆ ಆಗುತ್ತದೆ. ನನಗೆ ಇವತ್ತು ಮುಂಜಾನೆಯೂ ಆಯಿತು. ಮೊದಲು ಬಾಯಿಬಿಟ್ಟು ಹೇಳಿ, ನಿಮ್ಮ ಕೈಗೆ ಕೇಳಿಸುವಷ್ಟು: ಬಂದೆನ್ರಿ.